ಸ್ಥಾವರ ಕಳಚುವ ಕಾಲದ ಬೆಂಕಿ: ಕೈಗಾ ಸೀಮೆಯಿಂದ ಒಂದು ಅವಲೋಕನ

ಅಪಾಯಕಾರಿ ಸ್ಥಾವರವೊಂದು ಕೆಲಸ ನಿಲ್ಲಿಸಿದ ಮೇಲೆ ಅದರೊಳಗಿನ ವಿಕಿರಣಶೀಲ ವಸ್ತು, ವಿಷ, ಎಣ್ಣೆ, ಆಮ್ಲಗಳನ್ನು ತೆಗೆದು ತೊಳೆಯಬೇಕು. ಆಮೇಲೆ ಯಂತ್ರ, ಕೊಳವೆ, ಗೋಡೆಗಳನ್ನು ಕಳಚಿ ಜಾಗವನ್ನು ಬೇರೆ ಬಳಕೆಗೆ ಬಿಟ್ಟುಕೊಡಬೇಕು. ಈ ದೀರ್ಘ ಕೆಲಸಕ್ಕೆ ಡಿಕಮಿಷನಿಂಗ್ ಎಂಬ ಹೆಸರಿದೆ. ಅಣುಸ್ಥಾವರಗಳಲ್ಲಿ ಇದು ಹತ್ತಿಪ್ಪತ್ತು ವರ್ಷ, ಕೆಲವೆಡೆ ಅರ್ಧ ಶತಮಾನಕ್ಕೂ ಮೀರಿ ನಡೆಯುತ್ತದೆ. ಇಂಧನ ಹೊರಗೆ ಹೋದೊಡನೆ ಸ್ಥಾವರದ ವಿಕಿರಣದಲ್ಲಿ ಬಹುಪಾಲು ಅದರೊಂದಿಗೇ ಹೋಗುತ್ತದೆ, ಅಪಘಾತದ ಭಯವೂ ಇಳಿಯುತ್ತದೆ. ಬೆಂಕಿಯ ವಿಷಯದಲ್ಲಿ ಮಾತ್ರ ಹಾಗಾಗುವುದಿಲ್ಲ. ಸ್ಥಾವರ ನಡೆಯುತ್ತಿದ್ದಾಗ ಇಲ್ಲದಿದ್ದ ಕಿಡಿ, ಉರಿಯುವ ಸರಕು, ಹೊಸ ಕೆಲಸಗಾರರು ಒಟ್ಟಿಗೇ ಒಳಗೆ ಬರುತ್ತಾರೆ. ಅದೇ ಹೊತ್ತಿಗೆ ಬೆಂಕಿಯನ್ನು ಕಂಡುಹಿಡಿಯುವ, ಆರಿಸುವ ವ್ಯವಸ್ಥೆಗಳು ಒಂದೊಂದಾಗಿ ಬಿಚ್ಚಿಹೋಗುತ್ತವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಇದು ದೂರದ ದೇಶದ ಸಂಗತಿಯಲ್ಲ. ಕೈಗಾ ಅಣುವಿದ್ಯುತ್ ಕೇಂದ್ರ ಕಾರವಾರ ತಾಲ್ಲೂಕಿಗೆ ಸೇರಿದ್ದರೂ ಅದರ ಬೆನ್ನಿಗಿರುವುದು ಯಲ್ಲಾಪುರದ ಘಟ್ಟ. ಕಾಳಿ ನದಿಯ ಮೇಲ್ಭಾಗದಲ್ಲಿ ಕೊಡಸಳ್ಳಿ ಅಣೆಕಟ್ಟೆ, ಕೆಳಭಾಗದಲ್ಲಿ ಕದ್ರಾ ಅಣೆಕಟ್ಟೆ, ನಡುವೆ ಕೈಗಾ. ಬಾರೆ, ಮಲವಳ್ಳಿ, ಕಳಚೆ, ವಜ್ರಳ್ಳಿ ಸುತ್ತಿನ ಅಡಕೆ ತೋಟಗಳೇ ಘಟ್ಟದ ಮೇಲಿನ ನೆರೆಹೊರೆ. ಹಗಲು ಹೊತ್ತಿನ ಕಡಲಗಾಳಿಯೂ ಮಳೆಗಾಲದ ಪಶ್ಚಿಮದ ಗಾಳಿಯೂ ಬೀಸುವುದು ಕರಾವಳಿಯಿಂದ ಘಟ್ಟದ ಕಡೆಗೆ. ಕೈಗಾದಲ್ಲಿ ಎಂದಾದರೂ ಹೊಗೆ ಎದ್ದರೆ ಅದು ಹತ್ತುವ ದಾರಿ ಯಾವುದೆಂಬುದನ್ನು ಈ ಭಾಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕೈಗಾದಲ್ಲಿರುವುದು ಭಾರಜಲ ಬಳಸುವ ನಾಲ್ಕು ಘಟಕಗಳು, ಒಂದೊಂದೂ 220 ಮೆಗಾವ್ಯಾಟ್ ಸಾಮರ್ಥ್ಯದ್ದು. ಮೊದಲೆರಡು ಘಟಕಗಳು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿದವು. ಕಟ್ಟುವ ಹಂತದಲ್ಲೇ, 1994ರ ಮೇ 13ರಂದು, ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದಿತ್ತು. ಗುಮ್ಮಟದ ವಿನ್ಯಾಸವನ್ನೇ ಬದಲಿಸಿ ಮತ್ತೆ ಕಟ್ಟಬೇಕಾಯಿತು. ಅದೇ ಘಟಕ ಮುಂದೆ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಬರೆಯಿತು. ಈ ದಾಖಲೆ ಸಿಬ್ಬಂದಿಯ ನೈಪುಣ್ಯಕ್ಕೆ ಸಾಕ್ಷಿ. ಆದರೆ ನಿಲ್ಲದೆ ನಡೆಸುವುದು ಒಂದು ವಿದ್ಯೆ, ನಿಲ್ಲಿಸಿ ಕಳಚುವುದು ಬೇರೆಯೇ ವಿದ್ಯೆ. ಎರಡನೆಯದರಲ್ಲಿ ದೇಶದ ಅನುಭವ ಇನ್ನೂ ಎಳೆಯದು.

ವಿದ್ಯುತ್ ಉತ್ಪಾದಿಸುತ್ತಿದ್ದ ಒಂದೇ ಒಂದು ಅಣುಘಟಕವನ್ನೂ ಭಾರತ ಇನ್ನೂ ಪೂರ್ತಿ ಕಳಚಿ ಮುಗಿಸಿಲ್ಲ. ರಾಜಸ್ಥಾನದ ರಾವತ್‌ಭಾಟಾದ ಮೊದಲ ಘಟಕ 2004ರಿಂದ ನಿಂತಿದೆ. ಟ್ರಾಂಬೆಯ ಸೈರಸ್ ಸಂಶೋಧನಾ ರಿಯಾಕ್ಟರ್ 2010ರ ಕೊನೆಗೆ ಮುಚ್ಚಿತು. ಅಲ್ಲಿಯೇ ಜೆರ್ಲಿನಾ ಎಂಬ ಪುಟ್ಟ ರಿಯಾಕ್ಟರನ್ನು ಇನ್ನೂ ಹಿಂದೆ ಕಳಚಲಾಗಿತ್ತು. ಕಳಚುವ ಕೆಲಸಕ್ಕೆ ತೀರಾ ಹತ್ತಿರದ ಅನುಭವವೆಂದರೆ ರಿಯಾಕ್ಟರಿನ ಹೃದಯಭಾಗದ ಕೊಳವೆಗಳನ್ನು ಸಾರಾಸಗಟಾಗಿ ಬದಲಿಸಿದ್ದು. 220 ಮೆಗಾವ್ಯಾಟಿನ ಒಂದು ಘಟಕದಲ್ಲಿ ಇಂಥ 306 ಕೊಳವೆಗಳಿರುತ್ತವೆ. ರಾವತ್‌ಭಾಟಾ, ಕಲ್ಪಾಕ್ಕಂ, ನರೋರಾ, ಕಾಕ್ರಪಾರ್‌ಗಳಲ್ಲಿ ವಿಕಿರಣ ತುಂಬಿದ ಹಳೆಯ ಕೊಳವೆಗಳನ್ನು ಕತ್ತರಿಸಿ ಹೊರತೆಗೆದು ಹೊಸದನ್ನು ಕೂರಿಸಿದ್ದಾರೆ. ಆ ಕೈಚಳಕ ಮುಂದೆ ಕೈಗಾಕ್ಕೂ ಬೇಕಾಗುತ್ತದೆ. ಕೈಗಾದ ಮೊದಲೆರಡು ಘಟಕಗಳಿಗೆ 2040ಕ್ಕೆ ನಲವತ್ತು ತುಂಬುತ್ತದೆ.

ಕಳಚುವಾಗ ಬೆಂಕಿ ಹುಟ್ಟುವುದು ಹೇಗೆ ಎಂಬುದನ್ನು ಒಂದು ಕೊಳವೆಯ ಬಳಿ ನಿಂತು ನೋಡಬೇಕು. ಒಳಗೆ ವಿಕಿರಣಶೀಲ ಪದರ ಕೂತ ದಪ್ಪ ಉಕ್ಕಿನ ಕೊಳವೆ. ಕತ್ತರಿಸುವಾಗ ಏಳುವ ದೂಳು ಹೊರಗೆ ಹರಡಬಾರದೆಂದು ಅದರ ಸುತ್ತ ಚೌಕಟ್ಟು ನಿಲ್ಲಿಸಿ ಪ್ಲಾಸ್ಟಿಕ್ ಹಾಳೆಯ ಗುಡಾರ ಹೂಡುತ್ತಾರೆ. ನೆಲಕ್ಕೂ ಹಾಳೆ ಹಾಸುತ್ತಾರೆ. ಗುಡಾರದೊಳಗೆ ಗಾಳಿ ಕೊಳವೆ ಸಿಕ್ಕಿಸಿದ ಪ್ಲಾಸ್ಟಿಕ್ ಉಡುಪು ತೊಟ್ಟ ಇಬ್ಬರು. ಪಕ್ಕದಲ್ಲಿ ಒರೆಸುವ ಬಟ್ಟೆಯ ಕಟ್ಟು, ರಬ್ಬರ್ ಕೈಗವಸು, ಟೇಪು, ಬಳಸಿ ಬಿಸುಟ ಉಡುಪಿನ ಚೀಲ. ಒಳಗಿನ ಗಾಳಿಯನ್ನು ಸತತವಾಗಿ ಎಳೆದು ಸೂಕ್ಷ್ಮ ಶೋಧಕದ ಮೂಲಕ ಹೊರಬಿಡುವ ಫ್ಯಾನು. ಈಗ ಆಕ್ಸಿ-ಅಸಿಟಿಲೀನ್ ಜ್ವಾಲೆ ಕೊಳವೆಗೆ ತಾಗುತ್ತದೆ. ಕರಗಿದ ಉಕ್ಕಿನ ಹನಿ ನೆಲಕ್ಕೆ ಬಿದ್ದು ಪುಟಿದು ಚದರುತ್ತದೆ. ಕಿಡಿ ಹನ್ನೊಂದು ಮೀಟರಿನವರೆಗೂ ಹಾರಬಲ್ಲದೆಂಬ ಲೆಕ್ಕದಲ್ಲಿ, ಅಷ್ಟು ಅಳತೆಯೊಳಗಿನ ಉರಿಯುವ ವಸ್ತುವನ್ನೆಲ್ಲ ತೆಗೆಯಬೇಕು ಇಲ್ಲವೇ ಮುಚ್ಚಬೇಕು ಎಂದು ಅಮೆರಿಕದ ಅಗ್ನಿಸುರಕ್ಷಾ ಸಂಹಿತೆ ಹೇಳುತ್ತದೆ. ಗುಡಾರದ ಹಾಳೆ ಇರುವುದೋ ಕೈಗೆಟುಕುವ ದೂರದಲ್ಲಿ. ಒಂದು ಕಿಡಿ ಬಟ್ಟೆಯ ಕಟ್ಟಿನ ಮಡಿಕೆಯೊಳಗೆ ಸೇರಿ ಅರ್ಧ ಗಂಟೆ ಕಾಣದಂತೆ ಬೂದಿಯಡಿ ಉಳಿಯಬಹುದು, ಕೆಲಸದವರು ಊಟಕ್ಕೆ ಹೋದ ಮೇಲೆ ಹೊತ್ತಿಕೊಳ್ಳಬಹುದು. ಇನ್ನೊಂದು ಕಿಡಿ ಫ್ಯಾನಿನ ಸೆಳೆತಕ್ಕೆ ಸಿಕ್ಕಿ ಶೋಧಕದ ಕಾಗದಕ್ಕೆ ಹೋಗಿ ಕೂರಬಹುದು. ಆ ಶೋಧಕ ಸುಟ್ಟರೆ ಅದು ಅಷ್ಟು ದಿನ ಹಿಡಿದಿಟ್ಟ ದೂಳೆಲ್ಲ ಒಮ್ಮೆಗೇ ಚಿಮಣಿಯ ದಾರಿ ಹಿಡಿಯುತ್ತದೆ. ಸುಡದಿದ್ದರೂ ಹೊಗೆಯ ಮಸಿಯಿಂದ ಅದು ಕಟ್ಟಿಕೊಳ್ಳುತ್ತದೆ, ಗಾಳಿಯ ಹರಿವು ನಿಲ್ಲುತ್ತದೆ, ಹೊಗೆ ಕೆಲಸಗಾರರ ಕಡೆಗೇ ಹಿಂದಿರುಗುತ್ತದೆ.

ವಿಕಿರಣ ಹರಡದಂತೆ ಮಾಡಿದ ಏರ್ಪಾಡೇ ಬೆಂಕಿಗೆ ಸೌದೆಯಾಗುವುದು ಈ ಕ್ಷೇತ್ರದ ಬಹುದೊಡ್ಡ ಇಕ್ಕಟ್ಟು. ಘಟ್ಟದ ಮೇಲೆ ಸೊಪ್ಪಿನ ಬೆಟ್ಟದ ದರಕನ್ನು ಬೇಸಿಗೆ ಏರುವ ಮೊದಲೇ ಗುಡಿಸಿ ತೋಟಕ್ಕೋ ಕೊಟ್ಟಿಗೆಗೋ ಸಾಗಿಸುತ್ತಾರಲ್ಲ, ಸ್ಥಾವರದೊಳಗಿನ ಈ ಬಿಡಿ ಸರಕಿಗೂ ಅದೇ ಶಿಸ್ತು ಬೇಕು. ದಿನದ ಕೆಲಸಕ್ಕೆ ಬೇಕಾದಷ್ಟೇ ಒಳಗೆ, ಬಳಸಿದ್ದೆಲ್ಲ ಅಂದೇ ಮುಚ್ಚಳವಿರುವ ಲೋಹದ ಪೀಪಾಯಿಗೆ. ಉರಿ ತಡೆಯುವ ಹಾಳೆಗಳು ಮಾರುಕಟ್ಟೆಯಲ್ಲಿವೆ, ಬೆಲೆ ಹೆಚ್ಚು. ಗುತ್ತಿಗೆಯ ಲೆಕ್ಕದಲ್ಲಿ ಈ ಖರ್ಚು ಮೊದಲೇ ಸೇರಿರದಿದ್ದರೆ ಕೊನೆಗೆ ಬರುವುದು ಸಾದಾ ಪಾಲಿಥೀನ್.

ಕತ್ತರಿಸುವಾಗಿನ ಅಪಾಯಕ್ಕೆ ಉರಿಯಿಲ್ಲದ ವಿಧಾನಗಳು ಒಂದು ಉತ್ತರ. ವಜ್ರದ ತಂತಿಯ ಗರಗಸ, ಹೈಡ್ರಾಲಿಕ್ ಕತ್ತರಿ, ಮರಳು ಬೆರೆಸಿದ ನೀರಿನ ಚೂಪು ಧಾರೆ, ನೀರಿನೊಳಗೇ ಕತ್ತರಿಸುವುದು ಇವೆಲ್ಲ ಬಳಕೆಯಲ್ಲಿವೆ. ಇವು ನಿಧಾನ, ಕೆಲವು ಹೆಚ್ಚು ತ್ಯಾಜ್ಯ ನೀರು ಹುಟ್ಟಿಸುತ್ತವೆ, ದಪ್ಪ ಉಕ್ಕಿಗೆ ಎಲ್ಲವೂ ಒಗ್ಗುವುದಿಲ್ಲ. ಹಾಗಾಗಿ ಜ್ವಾಲೆ ಮತ್ತು ಪ್ಲಾಸ್ಮಾ ಕತ್ತರಿಕೆ ಪೂರ್ತಿ ತಪ್ಪುವುದಿಲ್ಲ. ಅದಕ್ಕೆ ಬಿಸಿಕೆಲಸದ ಪರವಾನಗಿ ಪದ್ಧತಿ ಇದೆ: ಎಲ್ಲಿ, ಯಾರು, ಯಾವ ಹೊತ್ತಿಗೆ, ಸುತ್ತ ಏನಿದೆ, ಗೋಡೆಯ ಆಚೆ ಏನಿದೆ ಎಂಬುದನ್ನು ಬರೆದು ಸಹಿ ಹಾಕಿದ ಮೇಲೆಯೇ ಜ್ವಾಲೆ. ಕೆಲಸ ನಡೆವಷ್ಟು ಹೊತ್ತೂ, ಮುಗಿದ ಮೇಲೂ ಒಬ್ಬ ಬೆಂಕಿ ಕಾವಲಿನವನು ಅಲ್ಲೇ ಇರಬೇಕು. ಮುಗಿದ ಮೇಲಿನ ಕಾವಲನ್ನು ಅಮೆರಿಕದ ಸಂಹಿತೆ ಈಚೆಗೆ ಅರ್ಧ ಗಂಟೆಯಿಂದ ಒಂದು ಗಂಟೆಗೆ ಏರಿಸಿತು. ಪ್ಲಾಸ್ಟಿಕ್ ಉಡುಪಿನಲ್ಲಿ ಬೆವರುತ್ತ ನಿಂತವನಿಗೆ ಆ ಒಂದು ಗಂಟೆ ಬಲು ಉದ್ದ. ಅದನ್ನು ಮೊಟಕುಗೊಳಿಸುವ ಒತ್ತಡ ಎಲ್ಲ ಸ್ಥಾವರಗಳಲ್ಲೂ ಇರುತ್ತದೆ.

ಗೋಡೆಯ ಆಚೆ ಏನಿದೆ ಎಂದು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ 1975ರ ಮಾರ್ಚ್ 22ರ ಬ್ರೌನ್ಸ್ ಫೆರಿ ಘಟನೆ ಪಾಠಪುಸ್ತಕದ ಉದಾಹರಣೆ. ಅಮೆರಿಕದ ಅಲಬಾಮಾದ ಈ ಅಣುಸ್ಥಾವರದಲ್ಲಿ ಕೇಬಲ್ಲುಗಳು ಗೋಡೆ ದಾಟುವ ರಂಧ್ರದಲ್ಲಿ ಗಾಳಿ ಸೋರುತ್ತದೆಯೇ ಎಂದು ಕೆಲಸಗಾರರು ಮೇಣದಬತ್ತಿ ಹಿಡಿದು ನೋಡಿದರು. ಸೆಳೆತಕ್ಕೆ ಜ್ವಾಲೆ ವಾಲಿ, ರಂಧ್ರ ಮುಚ್ಚಲು ತುಂಬಿದ್ದ ನೊರೆ ಹೊತ್ತಿಕೊಂಡಿತು. ಏಳು ಗಂಟೆಗೂ ಹೆಚ್ಚು ಕಾಲ ಉರಿದ ಬೆಂಕಿಯಲ್ಲಿ 1,600ಕ್ಕೂ ಹೆಚ್ಚು ಕೇಬಲ್ಲುಗಳು ಹಾಳಾದವು. ಅದು ನಡೆಯುತ್ತಿದ್ದ ಸ್ಥಾವರ. ಕಳಚುವ ಸ್ಥಾವರದಲ್ಲಿ ಇಂಥ ರಂಧ್ರಗಳು ದಿನವೂ ಹೊಸದಾಗಿ ಹುಟ್ಟುತ್ತವೆ: ಕೇಬಲ್ ಎಳೆದು ತೆಗೆದಾಗ, ಕೊಳವೆ ಕತ್ತರಿಸಿದಾಗ, ಯಂತ್ರ ಸಾಗಿಸಲು ಗೋಡೆ ಒಡೆದಾಗ. ಕೋಣೆಯಿಂದ ಕೋಣೆಗೆ ಬೆಂಕಿ ಹೋಗದಂತೆ ಕಟ್ಟಿದ ತಡೆ ಅಲ್ಲಲ್ಲಿ ತೂತಾಗಿ ಬಲೆಯಂತಾದರೆ ಹಳೆಯ ಅಗ್ನಿಯೋಜನೆ ಕಾಗದದಲ್ಲಷ್ಟೇ ಉಳಿಯುತ್ತದೆ.

ಭಾರತದ ಅಣುವಿದ್ಯುತ್ ಇತಿಹಾಸದ ದೊಡ್ಡ ಬೆಂಕಿ ಉತ್ತರ ಪ್ರದೇಶದ ನರೋರಾದ್ದು. 1993ರ ಮಾರ್ಚ್ 31ರ ನಸುಕಿನಲ್ಲಿ ಮೊದಲ ಘಟಕದ ಟರ್ಬೈನಿನ ಎರಡು ಅಲಗುಗಳು ಮುರಿದವು. ಆ ಕಂಪನಕ್ಕೆ ಜನರೇಟರನ್ನು ತಂಪಾಗಿಡುವ ಹೈಡ್ರೋಜನ್ ಸೋರಿ ಹೊತ್ತಿಕೊಂಡಿತು, ಕೀಲೆಣ್ಣೆಯೂ ಸೇರಿತು. ತುರ್ತು ವಿದ್ಯುತ್ತಿನ ಕೇಬಲ್ಲುಗಳನ್ನೂ ಮಾಮೂಲಿ ಕೇಬಲ್ಲುಗಳನ್ನೂ ಸಾಕಷ್ಟು ಬೇರೆಯಾಗಿ ಒಯ್ದಿರಲಿಲ್ಲವಾದ್ದರಿಂದ ಎರಡೂ ಸುಟ್ಟವು. ಸುಮಾರು 17 ಗಂಟೆ ಘಟಕಕ್ಕೆ ವಿದ್ಯುತ್ತೇ ಇರಲಿಲ್ಲ. ಹೊಗೆ ತುಂಬಿದ ನಿಯಂತ್ರಣ ಕೊಠಡಿ ಬಿಟ್ಟ ಸಿಬ್ಬಂದಿ ಟಾರ್ಚು ಹಿಡಿದು ರಿಯಾಕ್ಟರ್ ಕಟ್ಟಡದ ಮೇಲಕ್ಕೆ ಹತ್ತಿ, ಸರಪಳಿ ಕ್ರಿಯೆ ಮತ್ತೆ ಶುರುವಾಗದಂತೆ ಬೋರಾನ್ ದ್ರಾವಣ ಇಳಿಬಿಡುವ ಕವಾಟಗಳನ್ನು ಕೈಯಿಂದ ತಿರುಗಿಸಿದರು. ರಿಯಾಕ್ಟರನ್ನು ತಂಪಾಗಿಟ್ಟಿದ್ದು ಡೀಸೆಲ್ಲಿನಿಂದ ಓಡುವ ಅಗ್ನಿಶಾಮಕ ಪಂಪುಗಳ ನೀರು. ಅಂತರರಾಷ್ಟ್ರೀಯ ಅಳತೆಯಲ್ಲಿ ಇದನ್ನು 3ನೇ ಹಂತದ ಘಟನೆಯೆಂದು ಗುರುತಿಸಿದರು. ಆ ಹೊತ್ತಿಗೆ ನಿರ್ಮಾಣದ ಹಂತದಲ್ಲಿದ್ದ ಕೈಗಾದ ಕೇಬಲ್ ಹಾದಿ, ಟರ್ಬೈನ್ ಅಲಗುಗಳ ವಿಚಾರಕ್ಕೆ ನರೋರಾದ ಪಾಠ ನೇರವಾಗಿ ಒದಗಿತು.

ನರೋರಾ ಮತ್ತೆ ನಡೆಯಿತು. ಟರ್ಬೈನ್ ಬೆಂಕಿಯಿಂದಲೇ ಬಾಗಿಲು ಮುಚ್ಚಿದ ಸ್ಥಾವರಗಳೂ ಇವೆ. ಸ್ಪೇನಿನ ವಾಂಡೆಯೋಸ್ 1ನೇ ಘಟಕ 1989ರ ಅಕ್ಟೋಬರ್ 19ರ ಬೆಂಕಿಯ ನಂತರ, ಚೆರ್ನೋಬಿಲ್‌ನ 2ನೇ ಘಟಕ 1991ರ ಅಕ್ಟೋಬರ್ 11ರ ಬೆಂಕಿಯ ನಂತರ ಮತ್ತೆ ಶುರುವಾಗಲೇ ಇಲ್ಲ. ಇಂಥಲ್ಲಿ ಡಿಕಮಿಷನಿಂಗ್ ಆರಂಭವಾಗುವುದೇ ಸುಟ್ಟ ಕಟ್ಟಡದಿಂದ. ಬ್ರಿಟನ್ನಿನ ವಿಂಡ್‌ಸ್ಕೇಲ್ 1ನೇ ಪೈಲ್ ಎಂಬ ರಿಯಾಕ್ಟರ್ 1957ರ ಅಕ್ಟೋಬರ್‌ನಲ್ಲಿ ಸುಟ್ಟಿತು. ಸುಟ್ಟ ಇಂಧನ ಒಳಗೇ ಉಳಿದಿದ್ದರಿಂದ, ಅದನ್ನು ಕೆದಕಿದರೆ ಮತ್ತೆ ಹೊತ್ತಿಕೊಂಡೀತೇ ಎಂಬ ಪ್ರಶ್ನೆಯೇ ಅಲ್ಲಿನ ಎಂಜಿನಿಯರುಗಳನ್ನು ದಶಕಗಳ ಕಾಲ ಕಾಡಿತು.

ನಿಂತ ಸ್ಥಾವರ ಸುರಕ್ಷಿತ ಎಂಬ ನಂಬಿಕೆ ಅಣುಲೋಕದ ಹೊರಗೂ ಜೀವ ತೆಗೆದಿದೆ. 1984ರ ಡಿಸೆಂಬರ್‌ನಲ್ಲಿ ಭೋಪಾಲದ ಕೀಟನಾಶಕ ಕಾರ್ಖಾನೆಯ ಮಿಥೈಲ್ ಐಸೋಸಯನೇಟ್ ಘಟಕ ಉತ್ಪಾದನೆ ನಿಲ್ಲಿಸಿತ್ತು, ಆದರೆ ತೊಟ್ಟಿಯಲ್ಲಿ ಸುಮಾರು 40 ಟನ್ ರಾಸಾಯನಿಕ ಉಳಿದಿತ್ತು. ತಂಪುಗೊಳಿಸುವ ಯಂತ್ರವನ್ನು ಮೊದಲೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆ ದುರಸ್ತಿಗೆಂದು ಬಿಚ್ಚಿಕೊಂಡಿತ್ತು. ತೊಟ್ಟಿಗೆ ನೀರು ಸೇರಿದಾಗ ತಡೆಯಲು ಯಾವುದೂ ಸಿದ್ಧವಿರಲಿಲ್ಲ. ಆ ಆವರಣದಲ್ಲಿ ಉಳಿದಿದ್ದ 337 ಟನ್ ವಿಷತ್ಯಾಜ್ಯವನ್ನು ಪೀತಂಪುರಕ್ಕೆ ಸಾಗಿಸಿ ಸುಟ್ಟಿದ್ದು 2025ರಲ್ಲಿ, ನಾಲ್ಕು ದಶಕಗಳ ನಂತರ. ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಲ್ಲಿ 2020ರ ಮೇ 7ರಂದು ಸ್ಟೈರೀನ್ ಆವಿ ಹಬ್ಬಿ 12 ಮಂದಿ ಸತ್ತರು. ಲಾಕ್‌ಡೌನಿನಿಂದ ನಿಂತಿದ್ದ ಕಾರ್ಖಾನೆಯ ತೊಟ್ಟಿಯಲ್ಲಿ ರಾಸಾಯನಿಕ ತನ್ನಷ್ಟಕ್ಕೆ ಬಿಸಿಯಾಗುತ್ತ ಹೋಗಿತ್ತು.

ಅಮೆರಿಕದ ಹ್ಯಾನ್‌ಫೋರ್ಡ್‌ನಲ್ಲಿ 1997ರ ಮೇ 14ರಂದು ಇದೇ ಬಗೆಯ ಘಟನೆ ನಡೆಯಿತು. ಪ್ಲುಟೋನಿಯಂ ಶುದ್ಧೀಕರಿಸುತ್ತಿದ್ದ, ಆಗಲೇ ನಿಂತಿದ್ದ ಕಟ್ಟಡದ ತೊಟ್ಟಿಯೊಂದರಲ್ಲಿ ನೈಟ್ರಿಕ್ ಆಮ್ಲ ಮತ್ತು ಹೈಡ್ರಾಕ್ಸಿಲಮೀನ್ ನೈಟ್ರೇಟ್ ದ್ರಾವಣವನ್ನು ಹಾಗೇ ಬಿಟ್ಟಿದ್ದರು. ಕಾಲಕ್ರಮದಲ್ಲಿ ನೀರು ಆರಿ ದ್ರಾವಣ ಸಾಂದ್ರವಾಯಿತು, ಒಂದು ದಿನ ಸ್ಫೋಟಿಸಿ ಮುಚ್ಚಳ ಹಾರಿತು. ಸ್ಥಾವರ ನಿಲ್ಲಿಸಿದ ಮೇಲೆ ಬೇಗನೆ ದ್ರಾವಕ, ಎಣ್ಣೆ, ಹೈಡ್ರೋಜನ್ ಸಿಲಿಂಡರು, ಆಮ್ಲಗಳನ್ನು ಪಟ್ಟಿ ಮಾಡಿ ಹೊರತೆಗೆಯಬೇಕೆಂಬ ನಿಯಮದ ಹಿಂದೆ ಇಂಥ ಅನುಭವಗಳಿವೆ.

ದ್ರವ ಸೋಡಿಯಂ ಬಳಸುವ ವೇಗದ ರಿಯಾಕ್ಟರುಗಳ ಕಥೆ ಇನ್ನೂ ಕಠಿಣ. ಸೋಡಿಯಂ ಬಿಸಿ ಇದ್ದಾಗ ಗಾಳಿಯಲ್ಲೇ ಉರಿಯುತ್ತದೆ, ನೀರು ತಾಗಿದರೆ ಹೈಡ್ರೋಜನ್ ಬಿಟ್ಟು ಸಿಡಿಯುತ್ತದೆ. ಫ್ರಾನ್ಸಿನ ಕಾಡರಾಶ್‌ನಲ್ಲಿ ರಾಪ್ಸೋದಿ ಎಂಬ ರಿಯಾಕ್ಟರನ್ನು ಕಳಚುವಾಗ, ತೊಟ್ಟಿಯ ತಳದಲ್ಲಿ ಉಳಿದ ಸೋಡಿಯಂ ಪದರವನ್ನು ಒಂದು ಬಗೆಯ ಭಾರ ಆಲ್ಕೋಹಾಲಿನಿಂದ ಕರಗಿಸುತ್ತಿದ್ದರು. 1994ರ ಮಾರ್ಚ್ 31ರಂದು ಅದು ಸ್ಫೋಟಿಸಿ ಒಬ್ಬ ಎಂಜಿನಿಯರ್ ಮಡಿದರು, ನಾಲ್ವರು ಗಾಯಗೊಂಡರು. ಅಲ್ಲಿ ನಡೆಯುತ್ತಿದ್ದುದು ತೊಳೆಯುವ ಕೆಲಸ, ಸಾವು ತಂದದ್ದು ತೊಳೆಯಲು ಬಳಸಿದ ದ್ರವ ಮತ್ತು ಉಳಿದ ಲೋಹದ ನಡುವಿನ ಕ್ರಿಯೆ. ಸ್ಕಾಟ್ಲೆಂಡಿನ ಡೂನ್‌ರೇಯಲ್ಲಿ 1994ರಲ್ಲೇ ನಿಂತಿದ್ದ ರಿಯಾಕ್ಟರಿನ ಸೋಡಿಯಂ ತೊಟ್ಟಿಗಳ ಬಳಿ 2014ರ ಅಕ್ಟೋಬರ್ 7ರಂದು ಸಣ್ಣ ಬೆಂಕಿ ಕಾಣಿಸಿತು. ಯಾರಿಗೂ ಗಾಯವಾಗಲಿಲ್ಲ, ಟ್ರಿಷಿಯಂ ಮಾತ್ರ ಹೊರಗೆ ಹೋಯಿತು. ಯಂತ್ರದ ದೋಷಕ್ಕಿಂತ ಕೆಲಸದ ಪದ್ಧತಿ ಮತ್ತು ನಡವಳಿಕೆಯ ದೋಷ ಅಲ್ಲಿ ಎದ್ದು ಕಂಡಿತು, ನಿಯಂತ್ರಣ ಸಂಸ್ಥೆ ಸುಧಾರಣೆಯ ನೋಟಿಸು ನೀಡಿತು. ಜಪಾನಿನ ಮೊಂಜು 1995ರ ಡಿಸೆಂಬರ್ 8ರ ಸೋಡಿಯಂ ಬೆಂಕಿಯಿಂದ ಚೇತರಿಸಿಕೊಳ್ಳಲೇ ಇಲ್ಲ. 2016ರಲ್ಲಿ ಅದನ್ನು ಮುಚ್ಚುವ ತೀರ್ಮಾನವಾಯಿತು, ಕಳಚುವ ಯೋಜನೆ ಮೂವತ್ತು ವರ್ಷದ್ದು. ಕೈಗಾದಲ್ಲಿ ಸೋಡಿಯಂ ಇಲ್ಲ. ಕಲ್ಪಾಕ್ಕಂನಲ್ಲಿದೆ, ಹಾಗಾಗಿ ಈ ಪಾಠ ಭಾರತಕ್ಕೂ ಬೇಕು.

ಕೈಗಾದಲ್ಲಿರುವುದು ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳು. ಇಡಿಯಾಗಿದ್ದಾಗ ಅವು ಗಟ್ಟಿಮುಟ್ಟು. ಗರಗಸಕ್ಕೆ ಸಿಕ್ಕಿ ಪುಡಿ, ಸಿಬಿರುಗಳಾದರೆ ಸಣ್ಣ ಕಿಡಿಗೂ ಹೊತ್ತಿಕೊಳ್ಳುವ ಸ್ವಭಾವದವು. ಲೋಹದ ಬೆಂಕಿಗೆ ನೀರು ಹೊಯ್ದರೆ ಉರಿ ಹೆಚ್ಚುತ್ತದೆ. ಉಪ್ಪಿನ ಆಧಾರದ ವಿಶೇಷ ಪುಡಿ, ಗ್ರಾಫೈಟ್ ಪುಡಿ ಇಲ್ಲವೇ ಒಣ ಮರಳು ಬೇಕು. ಅಮೆರಿಕದ ರಾಕಿ ಫ್ಲಾಟ್ಸ್‌ನ ಅಣ್ವಸ್ತ್ರ ಕಾರ್ಖಾನೆ ಪ್ಲುಟೋನಿಯಂ ಎಂಬ ಉರಿಯುವ ಲೋಹದಿಂದ 1957 ಮತ್ತು 1969ರಲ್ಲಿ ಎರಡು ದೊಡ್ಡ ಬೆಂಕಿ ಕಂಡಿತ್ತು. ಅದನ್ನು ಕಳಚುತ್ತಿದ್ದಾಗಲೂ, 2003ರ ಮೇ 6ರಂದು, ಕೈಗವಸು ಪೆಟ್ಟಿಗೆಯೊಂದರಲ್ಲಿ ಬೆಂಕಿ ಎದ್ದಿತು. 2005ರಲ್ಲಿ ಅಲ್ಲಿನ ಕೆಲಸ ಮುಗಿದಾಗ ಖರ್ಚು 7 ಶತಕೋಟಿ ಡಾಲರ್ ಮುಟ್ಟಿತ್ತು.

ನೀರಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬೆಂಕಿಗೆ ಹೊಯ್ದ ನೀರು ವಿಕಿರಣಶೀಲ ದೂಳನ್ನು ತೊಳೆದುಕೊಂಡು ಚರಂಡಿ ಸೇರುತ್ತದೆ. ಕೈಗಾದ ಮಟ್ಟಿಗೆ ಆ ಚರಂಡಿಯ ಆಚೆ ಇರುವುದು ಕಾಳಿ. ಆದ್ದರಿಂದ ಪ್ರತಿ ಕೋಣೆಯಲ್ಲೂ ಬೆಂಕಿನೀರನ್ನು ಹಿಡಿದಿಡುವ ಗುಂಡಿ ಎಷ್ಟು ದೊಡ್ಡದು, ಅಲ್ಲಿಂದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಳಚುವ ಯೋಜನೆ ಮೊದಲೇ ಹೇಳಬೇಕು. ಹಳೆಯ ಗುಂಡಿಗಳನ್ನು ಕಾಂಕ್ರೀಟ್ ತುಂಬಿ ಮುಚ್ಚುವುದೂ ಕಳಚುವ ಕೆಲಸದ ಒಂದು ಭಾಗವಾದ್ದರಿಂದ ಈ ಪ್ರಶ್ನೆಯನ್ನು ಪ್ರತಿ ಹಂತದಲ್ಲೂ ಹೊಸದಾಗಿ ಕೇಳಬೇಕಾಗುತ್ತದೆ.

ಕಳಚಿದ ಮಾಲು ಪೀಪಾಯಿ ಸೇರಿದ ಮೇಲೂ ಬೆಂಕಿಯ ಮಾತು ಮುಗಿಯುವುದಿಲ್ಲ. ನೀರು ಶುದ್ಧೀಕರಿಸಲು ಬಳಸುವ ರಾಳದ ಮಣಿಗಳು, ಅಯೋಡಿನ್ ಹಿಡಿಯುವ ಇದ್ದಿಲಿನ ಶೋಧಕಗಳು ಉರಿಯುವ ವಸ್ತುಗಳೇ. ನೀರಿನಲ್ಲಿಟ್ಟ ರಾಳದಿಂದ ವಿಕಿರಣದ ದೆಸೆಯಿಂದಲೇ ನಿಧಾನವಾಗಿ ಹೈಡ್ರೋಜನ್ ಹುಟ್ಟುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಉಪ್ಪಿನ ಪದರದೊಳಗೆ ಅಣುತ್ಯಾಜ್ಯ ಹೂಳುವ ವಿಪ್ ಎಂಬ ನೆಲದಡಿಯ ತಾಣದಲ್ಲಿ 2014ರ ಫೆಬ್ರುವರಿ 5ರಂದು ಉಪ್ಪು ಸಾಗಿಸುವ ಲಾರಿ ಹೊತ್ತಿ ಉರಿಯಿತು. ಒಂಬತ್ತು ದಿನಕ್ಕೆ ಬೇರೆಯದೇ ಕಾರಣಕ್ಕೆ ಒಂದು ಪೀಪಾಯಿ ಒಳಗಿಂದ ಬಿಸಿಯಾಗಿ ಒಡೆಯಿತು. ಆ ಪೀಪಾಯಿಯನ್ನು ತುಂಬಿದ ಲಾಸ್ ಅಲಮೋಸ್‌ನಲ್ಲಿ ತೇವ ಹೀರಲು, ಸಾಕುಬೆಕ್ಕಿನ ಮಲದ ತಟ್ಟೆಗೆ ಹಾಕುವ ಪುಡಿಯನ್ನು ಬಳಸುತ್ತಿದ್ದರು. ಮಣ್ಣಿನ ಪುಡಿಯ ಬದಲು ಗೋಧಿಯಿಂದ ಮಾಡಿದ ಪುಡಿ ಬಂದಿತ್ತು. ನೈಟ್ರೇಟ್ ಲವಣದ ಜೊತೆ ಸೇರಿ ಆ ಗೋಧಿ ಪುಡಿ ಇಂಧನವಾಯಿತು. ತಾಣದಲ್ಲಿ ತ್ಯಾಜ್ಯ ಹೂಳುವ ಕೆಲಸ ಮತ್ತೆ ಶುರುವಾಗಲು 2017 ಬರಬೇಕಾಯಿತು. ಖರೀದಿ ವಿಭಾಗದ ಒಂದು ಸಣ್ಣ ಬದಲಾವಣೆಯನ್ನು ರಸಾಯನಶಾಸ್ತ್ರ ಬಲ್ಲವರ ಕಣ್ಣಿಗೆ ತರದೆ ಹೋದದ್ದರ ಬೆಲೆ ಅದು. ಫ್ರಾನ್ಸಿನ ಮಾರ್ಕೂಲ್ ಬಳಿಯ ಸೆಂಟ್ರಾಕೋದಲ್ಲಿ ಅಣುತ್ಯಾಜ್ಯದ ಲೋಹ ಕರಗಿಸುವ ಕುಲುಮೆ 2011ರ ಸೆಪ್ಟೆಂಬರ್ 12ರಂದು ಸಿಡಿದು ಒಬ್ಬರು ಸತ್ತರು.

ನಿಯಮಗಳಿಗೆ ಕೊರತೆಯಿಲ್ಲ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2014ರಲ್ಲಿ ಡಿಕಮಿಷನಿಂಗ್‌ಗೆಂದೇ ಸುರಕ್ಷಾ ಸೂತ್ರಗಳನ್ನು ಹೊರಡಿಸಿತು. ಭಾರತದಲ್ಲಿ 1983ರಲ್ಲಿ ಹುಟ್ಟಿದ ಅಣುಶಕ್ತಿ ನಿಯಂತ್ರಣ ಮಂಡಳಿ ಜಾಗದ ಆಯ್ಕೆ, ನಿರ್ಮಾಣ, ಆರಂಭ, ಚಾಲನೆ, ಡಿಕಮಿಷನಿಂಗ್ ಎಂಬ ಐದೂ ಹಂತಕ್ಕೆ ಪ್ರತ್ಯೇಕ ಒಪ್ಪಿಗೆ ಕೊಡುತ್ತದೆ. ಅಣುಸ್ಥಾವರಗಳ ಅಗ್ನಿರಕ್ಷಣೆಗೂ ಅದರ ಪ್ರತ್ಯೇಕ ಮಾನದಂಡಗಳಿವೆ. ಎಲ್ಲದರ ತಿರುಳು ಒಂದು: ಅಗ್ನಿ ಅಪಾಯದ ವಿಶ್ಲೇಷಣೆಯನ್ನು ಒಮ್ಮೆ ಬರೆದಿಟ್ಟರೆ ಸಾಲದು, ಕಟ್ಟಡದ ರೂಪ ಬದಲಾದಾಗಲೆಲ್ಲ ತಿದ್ದಬೇಕು. ನಿನ್ನೆ ಇದ್ದ ಮೆಟ್ಟಿಲು ಇಂದು ಕಳಚಿಹೋಗಿದ್ದರೆ ತಪ್ಪಿಸಿಕೊಳ್ಳುವ ದಾರಿಯ ಬಾಣದ ಗುರುತೂ ಇಂದೇ ಬದಲಾಗಬೇಕು.

ಕಳಚುವ ಕಟ್ಟಡಕ್ಕೆ ಹೋಗುವ ಹಳೆಯ ವಿದ್ಯುತ್ತನ್ನೆಲ್ಲ ಒಮ್ಮೆಗೇ ಕಡಿದು, ಬೇರೆ ಬಣ್ಣದ ತಾತ್ಕಾಲಿಕ ತಂತಿಯಲ್ಲಿ ಬೆಳಕು ಮತ್ತು ಶಕ್ತಿ ಒದಗಿಸುವ ಪದ್ಧತಿ ಈಗ ಒಪ್ಪಿತವಾಗಿದೆ. ಹಳೆಯ ನಕ್ಷೆಯಲ್ಲಿಲ್ಲದ ಜೀವಂತ ತಂತಿಗೆ ಗರಗಸ ತಾಗುವ ಅಪಾಯ ಇದರಿಂದ ತಪ್ಪುತ್ತದೆ. ಆದರೆ ಹಳೆಯ ತಂತಿಯ ಜೊತೆಗೇ ಹೊಗೆ ಪತ್ತೆಯ ಸಾಧನಗಳೂ ಕುರುಡಾಗುತ್ತವೆ. ಬದಲಿ ಸಾಧನ ಕೂರಿಸಿ ಪರೀಕ್ಷಿಸಿದ ಮೇಲಷ್ಟೇ ತಂತಿ ಕಡಿಯಬೇಕು ಎಂಬ ಕ್ರಮ ಸರಳವಾಗಿ ಕಾಣುತ್ತದೆ, ಗಡುವಿನ ಒತ್ತಡದಲ್ಲಿ ಮೊದಲು ಮುರಿಯುವುದೂ ಅದೇ. ಕಟ್ಟಡದಲ್ಲಿ ಕೊನೆಗೆ ಕಳಚಬೇಕಾದದ್ದು ಬೆಂಕಿನೀರಿನ ಕೊಳವೆ. ಅದನ್ನು ಗುಜರಿ ಉಕ್ಕಿನ ಲೆಕ್ಕಕ್ಕೆ ಸೇರಿಸುವ ಆತುರವನ್ನು ಗುತ್ತಿಗೆಯ ಷರತ್ತಿನಲ್ಲೇ ತಡೆಯುವುದು ಲೇಸು.

ಭಾರಜಲ ರಿಯಾಕ್ಟರುಗಳನ್ನು ನಿಲ್ಲಿಸಿದ ಕೂಡಲೇ ಕಳಚದೆ ಹಲವು ದಶಕ ಮುಚ್ಚಿಟ್ಟು ಕಾಯುವ ವಿಧಾನಕ್ಕೆ ಒಂದು ಸಮರ್ಥನೆಯಿದೆ. ಉಕ್ಕಿನಲ್ಲಿ ಹುಟ್ಟಿದ ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ಐವತ್ತು ವರ್ಷ ಕಾದರೆ ಅದು 700ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಕತ್ತರಿಸುವವರ ಮೈಗೆ ತಾಗುವ ವಿಕಿರಣ ಅಷ್ಟು ಕಡಿಮೆ. ಬೆಂಕಿಯ ಕಡೆಯಿಂದ ನೋಡಿದರೆ ಕಾಯುವುದಕ್ಕೂ ಬೆಲೆಯಿದೆ. ಆ ಐವತ್ತು ವರ್ಷದಲ್ಲಿ ಕೇಬಲ್ಲಿನ ಹೊದಿಕೆ ಒಣಗಿ ಬಿರಿಯುತ್ತದೆ, ಪಂಪು ತುಕ್ಕು ಹಿಡಿಯುತ್ತದೆ, ಯಾವ ಕೋಣೆಯಲ್ಲಿ ಏನಿದೆ ಎಂದು ಬಾಯಲ್ಲೇ ಬಲ್ಲವರು ನಿವೃತ್ತರಾಗಿ ಹೋಗಿರುತ್ತಾರೆ. ಘಟ್ಟದ ಬುಡದ ಮಳೆ, ತೇವದಲ್ಲಿ ಈ ಸವೆತ ಇನ್ನೂ ಬೇಗ. ಕಾಯುವುದಾದರೆ ಕಾವಲಿನವರೂ ಕಾಯುವಷ್ಟು ಕಾಲ ಬೇಕು, ಅವರ ಸಂಬಳಕ್ಕೆ ಹಣವೂ ಬೇಕು.

ಹಣಕ್ಕಾಗಿ ಭಾರತದಲ್ಲಿ ಅಣುವಿದ್ಯುತ್ತಿನ ಪ್ರತಿ ಯೂನಿಟ್ಟಿಗೆ 2 ಪೈಸೆ ಡಿಕಮಿಷನಿಂಗ್ ನಿಧಿಗೆ ಹೋಗುತ್ತದೆ. ಕೈಗಾದ 880 ಮೆಗಾವ್ಯಾಟ್ ವರ್ಷವಿಡೀ ಶೇ 90ರಷ್ಟು ಸಾಮರ್ಥ್ಯದಲ್ಲಿ ನಡೆದರೆ ಸುಮಾರು 694 ಕೋಟಿ ಯೂನಿಟ್, ಅಂದರೆ ವರ್ಷಕ್ಕೆ 14 ಕೋಟಿ ರೂಪಾಯಿಯ ಆಸುಪಾಸು. ನಲವತ್ತು ವರ್ಷಕ್ಕೆ ಬಡ್ಡಿ ಬಿಟ್ಟು 555 ಕೋಟಿ. ನಾಲ್ಕು ಘಟಕಗಳನ್ನು ಕಳಚಿ, ದಶಕಗಳ ಕಾಲ ಅಗ್ನಿಶಾಮಕ ದಳವನ್ನೂ ಸಾಕುವ ಕೆಲಸಕ್ಕೆ ಇದು ಸಾಲುವುದು ಅನುಮಾನ. ಬೇರೆ ದೇಶಗಳಲ್ಲಿ ಒಂದೊಂದು ಘಟಕದ ಖರ್ಚೇ ಸಾವಿರಾರು ಕೋಟಿ ರೂಪಾಯಿ ಮುಟ್ಟಿದೆ.

ಕೈಗಾಕ್ಕೆ ಮಾತ್ರ ಸಲ್ಲುವ ಒಂದು ಅಂಶ ಅದರ ಸುತ್ತಲಿನ ಕಾಡು. ಫೆಬ್ರುವರಿಯಿಂದ ಮೇ ತನಕ ಎಲೆ ಉದುರಿದ ಘಟ್ಟದಲ್ಲಿ ಕಾಡ್ಗಿಚ್ಚು ಹೊಸದಲ್ಲ. ಕಳಚಿದ ಸ್ಥಾವರದ ತ್ಯಾಜ್ಯ ವರ್ಷಗಟ್ಟಲೆ ಆವರಣದ ಗೋದಾಮು, ಅಂಗಳಗಳಲ್ಲಿ ಕೂರುತ್ತದೆ. 2020ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಸುತ್ತಲಿನ ನಿರ್ಜನ ಕಾಡು ಉರಿದು ಬೆಂಕಿ ಸ್ಥಾವರದ ಹತ್ತಿರಕ್ಕೇ ಬಂದಿತ್ತು. ಕ್ಯಾಲಿಫೋರ್ನಿಯಾದ ವುಲ್ಸಿ ಕಾಡ್ಗಿಚ್ಚು 2018ರ ನವೆಂಬರ್ 8ರಂದು ಶುರುವಾದದ್ದೇ ಸಾಂಟಾ ಸುಸಾನಾ ಎಂಬ, ನಿರ್ಮಲೀಕರಣಕ್ಕೆ ದಶಕಗಳಿಂದ ಕಾಯುತ್ತಿದ್ದ ಹಳೆಯ ಅಣು ಮತ್ತು ರಾಕೆಟ್ ಪ್ರಯೋಗ ತಾಣದಲ್ಲಿ. ಅರಣ್ಯ ಇಲಾಖೆಯ ಬೆಂಕಿ ರೇಖೆ ಎಲ್ಲಿ ಮುಗಿಯುತ್ತದೆ, ಸ್ಥಾವರದ ಅಗ್ನಿದಳದ ಹೊಣೆ ಎಲ್ಲಿಂದ ಶುರುವಾಗುತ್ತದೆ ಎಂಬುದು ಎರಡೂ ಕಡೆಯವರ ಒಂದೇ ನಕ್ಷೆಯಲ್ಲಿ ಇರಬೇಕಾದ ಸಂಗತಿ. ಮಳೆಗಾಲದಲ್ಲಿ ಪ್ರಶ್ನೆ ಬೇರೆ: 2021ರ ಜುಲೈನಲ್ಲಿ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ರಸ್ತೆಗಳು ಕೊಚ್ಚಿಹೋದವು. ಘಟ್ಟದ ಮೇಲಿನಿಂದ ನೆರವಿಗೆ ಹೊರಟ ಅಗ್ನಿಶಾಮಕ ವಾಹನಕ್ಕೆ ದಾರಿಯೇ ಇರದ ದಿನಗಳನ್ನು ಲೆಕ್ಕಕ್ಕೆ ಹಿಡಿದು ಯೋಜನೆ ಬರೆಯಬೇಕಾಗುತ್ತದೆ.

ಅಣುಸ್ಥಾವರಗಳಿಗೆ ತಮ್ಮದೇ ಅಗ್ನಿದಳ ಇರುತ್ತದೆ. ಸ್ಥಾವರದ ಹೊರಗಿನ ತುರ್ತುಸ್ಥಿತಿಗೆ ಜಿಲ್ಲಾಡಳಿತ ಹೊಣೆ, ಅದಕ್ಕಾಗಿ 16 ಕಿಲೋಮೀಟರ್ ವ್ಯಾಪ್ತಿಯಲ್ಲಿ ಕಾಲಕಾಲಕ್ಕೆ ಅಣಕು ಕವಾಯತು ನಡೆಯುತ್ತದೆ. ಈ ಕವಾಯತುಗಳೆಲ್ಲ ನಡೆಯುತ್ತಿರುವ ರಿಯಾಕ್ಟರಿನ ಅಪಘಾತವನ್ನು ಕಣ್ಣ ಮುಂದಿಟ್ಟುಕೊಂಡವು. ಕಳಚುವ ಕಟ್ಟಡದ ಬೆಂಕಿ ಅಂಥದ್ದಲ್ಲ. ಹೊರಗಿನಿಂದ ಬಂದ ಅಗ್ನಿಶಾಮಕ ಸಿಬ್ಬಂದಿ ನಕ್ಷೆಯಲ್ಲಿಲ್ಲದ ಓಣಿ, ಬಿಚ್ಚಿಟ್ಟ ನೆಲಹಾಸು, ನೀರು ಹಾಕಬಾರದ ಪೀಪಾಯಿಗಳ ನಡುವೆ ನುಗ್ಗಬೇಕು. ವಿಕಿರಣ ಅಳೆಯುವ ಪಟ್ಟಿ ಎದೆಗೆ ಸಿಕ್ಕಿಸಿಕೊಂಡು ವರ್ಷಕ್ಕೆ ಕೆಲವು ಬಾರಿಯಾದರೂ ಅವರು ಆ ಕಟ್ಟಡದಲ್ಲಿ ನಡೆದಾಡಿರಬೇಕು. ಯಲ್ಲಾಪುರ, ಶಿರಸಿ ಠಾಣೆಯವರನ್ನೂ ಕಾರವಾರದವರನ್ನೂ ಅಂಥ ಅಭ್ಯಾಸಕ್ಕೆ ಕರೆಯುವುದಕ್ಕೆ ಕೊನೆಯ ದಿನದವರೆಗೆ ಕಾಯಬೇಕಿಲ್ಲ. ಕೊಳವೆ ಬದಲಿಸುವಂಥ ದೊಡ್ಡ ದುರಸ್ತಿಯೇ ಅದಕ್ಕೆ ತಕ್ಕ ಸಮಯ.

ಕೈಗಾದ ಬಗ್ಗೆ ಪ್ರಶ್ನೆ ಕೇಳುವುದು ಈ ಸೀಮೆಗೆ ಹೊಸತಲ್ಲ. ಎಂಬತ್ತರ ದಶಕದಲ್ಲಿ ಅಪ್ಪಿಕೋ ಚಳವಳಿ ಹುಟ್ಟಿದ ಶಿರಸಿಯ ನೆಲದಲ್ಲೇ ಕೈಗಾ ವಿರೋಧವೂ ಬೇರು ಬಿಟ್ಟಿತು. ಕುಸುಮಾ ಸೊರಬ ಅವರಂಥವರು ಊರೂರು ಸುತ್ತಿದರು. ಶಿವರಾಮ ಕಾರಂತರು 1989ರಲ್ಲಿ ಇದೇ ವಿಷಯ ಹಿಡಿದು ಲೋಕಸಭೆ ಚುನಾವಣೆಗೆ ನಿಂತು ಸೋತರು. ತಲಾ 700 ಮೆಗಾವ್ಯಾಟಿನ 5 ಮತ್ತು 6ನೇ ಘಟಕಗಳಿಗಾಗಿ 2018ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದಾಗಲೂ ವಿರೋಧದ ದನಿ ಜೋರಾಗಿತ್ತು, ಸೋಂದಾ ಸ್ವರ್ಣವಲ್ಲಿ ಮಠದ ಶ್ರೀಗಳೂ ದನಿಗೂಡಿಸಿದ್ದರು. ಹೊಸ ಘಟಕಗಳಿಗೆ ಮರುವರ್ಷ ಪರಿಸರ ಅನುಮತಿ ದೊರೆಯಿತು. ಅಂದರೆ ಮುಂದೊಂದು ದಿನ ಹಳೆಯ ನಾಲ್ಕನ್ನು ಕಳಚುವಾಗ ಪಕ್ಕದಲ್ಲೇ ಹೊಸ ಎರಡು ನಡೆಯುತ್ತಿರುತ್ತವೆ. ಕಳಚುವ ಕಟ್ಟಡದ ಹೊಗೆ ಪಕ್ಕದ ನಿಯಂತ್ರಣ ಕೊಠಡಿಯ ಗಾಳಿದ್ವಾರ ಹೊಕ್ಕರೆ ಏನು, ಎರಡಕ್ಕೂ ಒಂದೇ ಬೆಂಕಿನೀರಿನ ಜಾಲವಾದರೆ ಯಾವುದಕ್ಕೆ ಮೊದಲು, ಕಳಚುವ ಗುತ್ತಿಗೆದಾರನ ಕೆಲಸಗಾರರು ಯಾರ ಎಚ್ಚರಿಕೆ ಗಂಟೆಗೆ ಹೊರಗೆ ಬರಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹೊಸ ಘಟಕಗಳ ವಿನ್ಯಾಸದಲ್ಲೇ ಇರಬೇಕು. ಕೊಳವೆಯನ್ನು ಎಲ್ಲಿ ಕವಲೊಡೆಸಬೇಕು, ಗಾಳಿದ್ವಾರವನ್ನು ಯಾವ ದಿಕ್ಕಿಗೆ ಇಡಬೇಕು ಎಂಬುದನ್ನು ಕಾಂಕ್ರೀಟ್ ಬೀಳುವ ಮೊದಲು ಬದಲಿಸಲು ಒಂದು ಗೆರೆ ಎಳೆದರೆ ಸಾಕು.